ಡಿಶ್‌ವಾಷರ್‌ ತಳದಲ್ಲಿ ನೀರು ನಿಂತಿದೆಯೇ? ಪಂಪು ಬದಲಿಸುವ ಮೊದಲು ಇಷ್ಟು ನೋಡಿ

ಪ್ರಶ್ನೆ: ನಮ್ಮ ಡಿಶ್‌ವಾಷರ್‌ಗೆ 13 ವರ್ಷ ಆಗಿದೆ. ಈಚೆಗೆ ಪಾತ್ರೆ ತೊಳೆದು ಮುಗಿದ ಮೇಲೂ ತಳದಲ್ಲಿ ನೀರು ನಿಂತಿರುತ್ತದೆ. ಫಿಲ್ಟರ್ ತೆಗೆದು ತೊಳೆದಿದ್ದೇನೆ. ನೀರು ಹೊರಹಾಕುವ ಬಟನ್ ಮತ್ತೆ ಒತ್ತಿದರೆ ಗುಂಯ್ ಅನ್ನುತ್ತದೆ, ನೀರು ಇಳಿಯುತ್ತದೆ. ಆದರೆ ಬೆಳಿಗ್ಗೆ ಬಾಗಿಲು ತೆಗೆದರೆ ಮತ್ತೆ ನೀರು! ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, "ಪಂಪು ಹೋಗಿದೆ, ಇಷ್ಟು ಹಳೇದಕ್ಕೆ ದುಡ್ಡು ಹಾಕಬೇಡಿ, ಹೊಸದು ತಗೊಳ್ಳಿ" ಅಂದರು. ನಾನೇ ಏನಾದರೂ ನೋಡಿ ಸರಿ ಮಾಡಬಹುದೇ?

ಉತ್ತರ: ಖಂಡಿತ ನೋಡಬಹುದು. ಮೆಷಿನ್ನಿನ ಮುಖವನ್ನೂ ನೋಡದೆ ಫೋನಿನಲ್ಲೇ ಪಂಪು ಹೋಗಿದೆ ಅಂದರೆ ನಾನಂತೂ ನಂಬುವುದಿಲ್ಲ. ಅದರಲ್ಲೂ ನಿಮ್ಮ ಪ್ರಶ್ನೆಯಲ್ಲೇ ಒಂದು ಸುಳಿವಿದೆ. ಬಟನ್ ಒತ್ತಿದರೆ ನೀರು ಇಳಿಯುತ್ತದೆ, ಬೆಳಿಗ್ಗೆ ಮತ್ತೆ ಇರುತ್ತದೆ ಅಂದಿದ್ದೀರಿ. ಪೂರ್ತಿ ಸತ್ತ ಪಂಪು ನೀರನ್ನು ಇಳಿಸುವುದೇ ಇಲ್ಲ. ಹಾಗಾಗಿ ಮೊದಲು ತಿಳಿಯಬೇಕಾದದ್ದು, ಆ ನೀರು ಹೊರಗೆ ಹೋಗದೆ ಉಳಿದದ್ದೋ ಅಥವಾ ಹೋಗಿ ವಾಪಸ್ ಬಂದದ್ದೋ ಅನ್ನುವುದು. ಎರಡೂ ಬೇರೆ ಬೇರೆ ರೋಗ, ಮದ್ದೂ ಬೇರೆ.

ಮೊದಲು ಒಂದು ಮಾತು. ಫಿಲ್ಟರ್ ತೆಗೆದಾಗ ಅದರ ಕೆಳಗಿನ ಗುಂಡಿಯಲ್ಲಿ ಒಂದು ಲೋಟದಷ್ಟು ನೀರು ಕಂಡರೆ ಅದು ದೋಷವಲ್ಲ. ಒಳಗಿನ ರಬ್ಬರ್ ಸೀಲುಗಳು ಒಣಗಿ ಬಿರುಕು ಬಿಡದೆ ಇರಲಿ ಅಂತ ಸ್ವಲ್ಪ ನೀರು ಅಲ್ಲಿ ಉಳಿಯುತ್ತದೆ. ಫಿಲ್ಟರ್‌ನ ಮಟ್ಟ ದಾಟಿ, ಸ್ಟೀಲ್ ತಳದ ಮೇಲೆ ನೀರು ಹರಡಿ ನಿಂತಿದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಿ.

ಈಗ ಆ ನೀರನ್ನು ಅಳೆಯಿರಿ. ಸುಮ್ನೆ ಸ್ಪಂಜಿನಿಂದ ಒರೆಸಿ ಹಿಂಡಿ ಚೆಲ್ಲಬೇಡಿ. ಅಳತೆ ಗುರುತಿರುವ ಜಗ್ಗಿಗೆ ಹಿಂಡಿ. ಎಷ್ಟಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಡಿಶ್‌ವಾಷರ್ ಒಂದು ಸಲ ತುಂಬಿಕೊಳ್ಳುವ ನೀರು ಸಾಮಾನ್ಯವಾಗಿ 3ರಿಂದ 5 ಲೀಟರ್. ಅಷ್ಟು ಸಿಕ್ಕಿತೋ, ಕೊನೆಯ ಸಲದ ನೀರು ಹೊರಗೆ ಹೋಗಿಯೇ ಇಲ್ಲ ಅಂತ ಲೆಕ್ಕ. ಬರೀ ಅರ್ಧ ಲೀಟರ್ ಸಿಕ್ಕಿದರೆ ಕಥೆ ಬೇರೆ. ನೀರು ಹೋಗುವ ಪೈಪಿನ ಒಳಗಿನ ಅಗಲ ಸುಮಾರು 2 ಸೆಂಟಿಮೀಟರ್ ಇರುತ್ತದೆ. ಅಂಥ ಪೈಪು 2 ಮೀಟರ್ ಉದ್ದವಿದ್ದರೆ ಅದರೊಳಗೆ ಹಿಡಿಯುವುದು 600 ಮಿಲಿಲೀಟರ್‌ಗಿಂತ ಸ್ವಲ್ಪ ಜಾಸ್ತಿ. ಅಂದರೆ ಪಂಪು ನಿಂತ ತಕ್ಷಣ ಪೈಪಿನಲ್ಲಿ ಮೇಲೇರಿದ್ದ ನೀರು ಹಿಂದಕ್ಕೆ ಜಾರಿ ಬಂದರೂ ಅರ್ಧ ಲೀಟರ್ ಆಸುಪಾಸು ಬರಬಹುದು, 3 ಲೀಟರ್ ಬರಲು ಸಾಧ್ಯವಿಲ್ಲ.

ಅಳೆದ ನೀರನ್ನು ಒಮ್ಮೆ ಮೂಸಿ, ಬಣ್ಣವನ್ನೂ ನೋಡಿ. ಕಲಗಚ್ಚಿನ ಹಾಗೆ ಮಬ್ಬಾಗಿ, ಜಿಡ್ಡು ತೇಲುತ್ತಿದ್ದರೆ ಅದು ತೊಳೆದ ನೀರು ಇಲ್ಲವೇ ಸಿಂಕಿನ ನೀರು. ಕನ್ನಡಿಯಂತೆ ತಿಳಿಯಾಗಿದ್ದರೆ ಅದು ನಲ್ಲಿಯಿಂದಲೇ ನೇರವಾಗಿ ಒಳಗೆ ಬಂದಿರಬಹುದು. ಹಳೆಯ ಮೆಷಿನ್ನುಗಳಲ್ಲಿ ನೀರು ಒಳಗೆ ಬಿಡುವ ವಾಲ್ವಿನ ರಬ್ಬರು ಗಟ್ಟಿಯಾಗಿಯೋ, ಸಂದಿಯಲ್ಲಿ ಮರಳಿನ ಕಣ ಸಿಕ್ಕಿಕೊಂಡೋ ಪೂರ್ತಿ ಮುಚ್ಚುವುದಿಲ್ಲ. ಮೆಷಿನ್ ಆಫ್ ಆಗಿದ್ದರೂ ರಾತ್ರಿಯಿಡೀ ತೊಟ್ಟಿಕ್ಕುತ್ತದೆ. ಇಂಥ ಕಡೆ ನೀರು ಹೊರಹಾಕುವ ಪಂಪನ್ನು ಬದಲಾಯಿಸಿದರೆ ದುಡ್ಡು ದಂಡ, ನೀರು ಮಾತ್ರ ಅಲ್ಲೇ.

ಇದನ್ನು ಪತ್ತೆ ಮಾಡಲು ಎರಡು ರಾತ್ರಿ ಸಾಕು. ಮೊದಲ ರಾತ್ರಿ ತಳವನ್ನೂ ಗುಂಡಿಯನ್ನೂ ಬಟ್ಟೆಯಿಂದ ಒಣಗುವ ಹಾಗೆ ಒರೆಸಿ, ಡಿಶ್‌ವಾಷರ್‌ಗೆ ನೀರು ಬರುವ ನಲ್ಲಿಯನ್ನು ತಿರುಗಿಸಿ ಮುಚ್ಚಿಬಿಡಿ. ಸಿಂಕನ್ನು ಎಂದಿನಂತೆ ಬಳಸಿ. ಬೆಳಿಗ್ಗೆ ನೀರಿದ್ದರೆ ಅದು ಸಿಂಕಿನ ಕಡೆಯಿಂದ ಬಂದದ್ದು. ಮೊದಲ ರಾತ್ರಿ ಒಣಗಿದ್ದರೆ ಎರಡನೇ ರಾತ್ರಿ ನಲ್ಲಿ ತೆರೆದಿಡಿ, ಸಿಂಕಿಗೆ ನೀರು ಬಿಡಬೇಡಿ. ಆಗ ಬೆಳಿಗ್ಗೆ ನೀರು ಕಂಡರೆ ಒಳಗೆ ಬಿಡುವ ವಾಲ್ವು ಸೋರುತ್ತಿದೆ. ಎರಡೂ ರಾತ್ರಿ ಒಣಗಿದ್ದು, ಪಾತ್ರೆ ತೊಳೆದಾಗ ಮಾತ್ರ ನೀರು ನಿಂತರೆ, ತಪ್ಪು ಹೊರಹಾಕುವ ದಾರಿಯಲ್ಲೇ ಇದೆ.

ನಿಮ್ಮ ವಿಷಯದಲ್ಲಿ ನನಗೆ ಜಾಸ್ತಿ ಅನುಮಾನ ಇರುವುದು ಸಿಂಕಿನ ಕಡೆಯ ಮೇಲೆ ಮತ್ತು ಹಿಂದಕ್ಕೆ ಬರದಂತೆ ತಡೆಯುವ ವಾಲ್ವಿನ ಮೇಲೆ. ಯಾಕೆ ಅಂತ ಹೇಳುತ್ತೇನೆ.

ಪಂಪಿನ ಬಾಯಲ್ಲಿ ಅಥವಾ ಪೈಪು ಮೆಷಿನ್ನಿಗೆ ಸೇರುವ ಕಡೆ ಒಂದು ಸಣ್ಣ ರಬ್ಬರ್ ರೆಪ್ಪೆ ಇರುತ್ತದೆ. ಆ ವಾಲ್ವು ಅಂದರೆ ಇದೇ. ನೀರು ಹೊರಗೆ ಹೋಗುವಾಗ ತೆರೆದುಕೊಳ್ಳುತ್ತದೆ, ಪಂಪು ನಿಂತಾಗ ಮುಚ್ಚಿಕೊಳ್ಳುತ್ತದೆ. ಅಷ್ಟೇ ಅದರ ಕೆಲಸ. ಹಲವು ವರ್ಷ ಬಿಸಿ ನೀರು, ಜಿಡ್ಡು, ಗಡಸು ನೀರಿನ ಬಿಳಿ ಪದರ ಎಲ್ಲ ಸೇರಿ ಅದು ಸೆಟೆದುಕೊಳ್ಳುತ್ತದೆ. ಇಲ್ಲವೇ ಒಂದು ಬೀಜವೋ ಕಡ್ಡಿಯೋ ಅಂಚಿನಲ್ಲಿ ಕೂತು ಪೂರ್ತಿ ಮುಚ್ಚಲು ಬಿಡುವುದಿಲ್ಲ. ಆಗ ಪೈಪಿನಲ್ಲಿದ್ದ ಕೊಳಕು ನೀರು ವಾಪಸ್ ತಳಕ್ಕೆ ಬರುತ್ತದೆ. ನೋಡಿದವರಿಗೆ ಪಂಪು ಕೆಲಸ ಮಾಡಿಲ್ಲ ಅನ್ನಿಸುತ್ತದೆ, ಪಾಪ ಅದು ಮಾಡಿರುತ್ತದೆ.

ಇನ್ನು ಸಿಂಕಿನ ಕಡೆ. ಹೊರಹೋಗುವ ಪೈಪು ನೆಲದಿಂದ ನೇರವಾಗಿ ಸಿಂಕಿನ ಕೊಳವೆಗೆ ಹೋಗಬಾರದು. ಮೊದಲು ಮೇಲಕ್ಕೆ, ಕಟ್ಟೆಯ ಕಲ್ಲಿನ ಅಡಿಯವರೆಗೆ ಏರಿ, ಅಲ್ಲಿಂದ ಕೆಳಗೆ ಇಳಿದು ಸೇರಬೇಕು. ಆ ಏರನ್ನು ಹಿಡಿದಿಟ್ಟ ಕ್ಲಿಪ್ಪು ಬಿಟ್ಟುಹೋಗಿ ಪೈಪು ಜೋತುಬಿದ್ದರೆ ಸಿಂಕಿನಲ್ಲಿ ಬಿಟ್ಟ ನೀರು ಸಲೀಸಾಗಿ ಡಿಶ್‌ವಾಷರ್ ಒಳಗೆ ಬರುತ್ತದೆ. ಕೆಲವು ಮೆಷಿನ್ನುಗಳಲ್ಲಿ ಈ ಏರು ಪಕ್ಕದ ತಗಡಿನ ಹಿಂದೆಯೇ ಇರುತ್ತದೆ, ಹೊರಗೆ ಕಾಣುವುದಿಲ್ಲ. ಪರೀಕ್ಷೆ ಸುಲಭ. ಮೆಷಿನ್ ಆಫ್ ಮಾಡಿ, ತಳ ಒರೆಸಿ, ಸಿಂಕಿನ ತೂತು ಮುಚ್ಚಿ ಅರ್ಧ ಸಿಂಕು ನೀರು ತುಂಬಿ, ಒಮ್ಮೆಲೇ ಬಿಡಿ. ಡಿಶ್‌ವಾಷರ್ ಬಾಗಿಲು ತೆಗೆದು ಇಣುಕಿ. ಗುಳುಗುಳು ಅಂತ ತಳದಲ್ಲಿ ನೀರು ಮೇಲೇಳುವುದು ಕಣ್ಣಿಗೇ ಕಾಣಿಸಿದರೆ ಮತ್ತೇನು ಹುಡುಕಬೇಕಾಗಿಲ್ಲ.

ಸಿಂಕಿನ ಅಡಿಯಲ್ಲಿ ಪೈಪು ಸೇರುವ ಮೂತಿಯನ್ನೂ ಬಿಚ್ಚಿ ನೋಡಿ. ಜನ ಫಿಲ್ಟರ್ ನೋಡುತ್ತಾರೆ, ಪಂಪು ನೋಡುತ್ತಾರೆ, ಈ ಮೂತಿಯನ್ನು ನೋಡುವುದೇ ಇಲ್ಲ. ಕ್ಲಿಪ್ಪು ಸಡಿಲಿಸಿ ಪೈಪು ಎಳೆದರೆ ಒಳಗೆ ಬೂದು ಬಣ್ಣದ ಮೆತ್ತನೆಯ ಜಿಡ್ಡು ಉಂಗುರದಂತೆ ಕೂತಿರುತ್ತದೆ. ಹೆಬ್ಬೆರಳು ಹೋಗಬೇಕಾದ ತೂತಿನಲ್ಲಿ ಪೆನ್ಸಿಲ್ ಕೂಡ ಹೋಗದಷ್ಟು ಕಟ್ಟಿಕೊಂಡಿರುತ್ತದೆ. ಇಂಥ ತೂತಿನಲ್ಲಿ ಹೊಸ ಪಂಪು ಹಾಕಿದರೂ ನೀರು ಒದ್ದಾಡಿಕೊಂಡೇ ಹೋಗುತ್ತದೆ. ಹಳೆಯ ಟೂತ್‌ಬ್ರಶ್‌ನಿಂದ ಕೆರೆದು ಬಿಸಿ ನೀರು ಬಿಡಿ. ಈಚೆಗೆ ಸಿಂಕಿನ ಅಡಿಯ ಕೊಳವೆಯನ್ನು ಹೊಸದಾಗಿ ಹಾಕಿಸಿದ್ದರೆ ಇನ್ನೊಂದನ್ನು ನೋಡಿ. ಹೊಸ ಕೊಳವೆಗಳ ಆ ಮೂತಿಯಲ್ಲಿ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಡಿಶ್‌ವಾಷರ್ ಸೇರಿಸುವಾಗ ಅದನ್ನು ಒಡೆದು ತೆಗೆಯಬೇಕು. ಅದನ್ನು ಮರೆತು ಮೆಷಿನ್ನನ್ನು ಬೈಯುವವರು ಬೇಕಾದಷ್ಟು ಜನ.

ಪೈಪು ಬಿಚ್ಚಿದ್ದೀರಲ್ವಾ, ಹಾಗೆಯೇ ಅದರ ತುದಿಯನ್ನು ಒಂದು ಬಕೆಟ್ಟಿಗೆ ಹಾಕಿ. ಬಕೆಟ್ಟನ್ನು ನೆಲಕ್ಕಿಡದೆ ಸಿಂಕಿನ ಮೂತಿಯ ಎತ್ತರಕ್ಕೆ ಇಡಿ. ನೆಲಕ್ಕಿಟ್ಟರೆ ನೀರು ತಾನೇ ಇಳಿದು ಬಂದು ಪಂಪಿನ ಬಲ ಗೊತ್ತಾಗುವುದಿಲ್ಲ. ಡಿಶ್‌ವಾಷರ್ ಒಳಗೆ 3 ಲೀಟರ್ ನೀರು ಸುರಿದು ಬಾಗಿಲು ಮುಚ್ಚಿ, ನೀರು ಹೊರಹಾಕುವ ಬಟನ್ ಒತ್ತಿ. ಹಲವು ಮೆಷಿನ್ನುಗಳಲ್ಲಿ ಶುರು ಮಾಡುವ ಬಟನ್ನನ್ನೇ ಕೆಲವು ಸೆಕೆಂಡು ಒತ್ತಿ ಹಿಡಿದರೆ ಇದೇ ಕೆಲಸ ಆಗುತ್ತದೆ. ತಿರುಗಿಸುವ ಗುಬುಟು ಇರುವ ತೀರಾ ಹಳೆಯದಾದರೆ ಅದನ್ನು ಮುಂದಕ್ಕೆ ಮಾತ್ರ, ನಿಧಾನವಾಗಿ, ನೀರು ಹೋಗುವ ಗುರುತಿನವರೆಗೆ ತಿರುಗಿಸಿ. ಈಗ ಬಕೆಟ್ಟಿಗೆ ರಭಸವಾಗಿ, ಧಾರೆ ಕಡಿಯದೆ ನೀರು ಬಿದ್ದರೆ ನಿಮ್ಮ ಪಂಪು ಗಟ್ಟಿಯಾಗಿದೆ. ತೊಂದರೆ ಸಿಂಕಿನ ಕಡೆಯದು ಅಥವಾ ಹಿಂದಕ್ಕೆ ಬರದಂತೆ ತಡೆಯುವ ವಾಲ್ವಿನದು. ತೊಟ್ಟು ತೊಟ್ಟಾಗಿ ಬಂದರೆ ಅಥವಾ ಬರದೇ ಇದ್ದರೆ ತೊಂದರೆ ಮೆಷಿನ್ನಿನ ಒಳಗೆ, ಇಲ್ಲವೇ ಪೈಪಿನಲ್ಲೇ ಇದೆ. ಈ ಪರೀಕ್ಷೆ ಮಾಡದೆ ಪಂಪು ತರಿಸಲೇಬೇಡಿ.

ಪೈಪನ್ನು ಒಮ್ಮೆ ಉದ್ದಕ್ಕೂ ಕೈಯಾಡಿಸಿ. ಮೆಷಿನ್ನನ್ನು ಎಳೆದು ಗುಡಿಸಿ ಮತ್ತೆ ಒಳಗೆ ನೂಕಿದಾಗ ಹಿಂದೆ ಪೈಪು ಮಡಚಿ ಚಪ್ಪಟೆಯಾಗಿರುತ್ತದೆ. ಹಳೆಯ ಪೈಪಿಗೆ ಹೀಗೆ ಒಮ್ಮೆ ಮಡಿಕೆ ಬಿದ್ದರೆ ನೇರ ಮಾಡಿದರೂ ಅಲ್ಲೇ ಮತ್ತೆ ಮಡಚುತ್ತದೆ. ಅಂಥದ್ದನ್ನು ಬದಲಾಯಿಸಿಬಿಡಿ.

ಒಳಗೆ ಕೈಹಾಕುವ ಮೊದಲು ಪ್ಲಗ್ಗು ಕೀಳಬೇಕು. ಸ್ವಿಚ್ಚು ಆಫ್ ಮಾಡಿದರೆ ಸಾಲದು. ನೀರಿನ ನಲ್ಲಿಯನ್ನೂ ಮುಚ್ಚಿ. ದಪ್ಪ ರಬ್ಬರ್ ಕೈಗವಸು ಹಾಕಿಕೊಳ್ಳಿ, ಯಾಕೆಂದರೆ ಆ ಗುಂಡಿಯಲ್ಲಿ ಹೆಚ್ಚಾಗಿ ಸಿಗುವುದು ಒಡೆದ ಗಾಜಿನ ಚೂರು. ನೀರಿನಲ್ಲಿ ಅದು ಕಾಣುವುದೇ ಇಲ್ಲ. ಮೊದಲು ನೀರನ್ನೆಲ್ಲ ತೆಗೆದು, ಟಾರ್ಚ್ ಹಾಕಿ ನೋಡಿ, ಆಮೇಲೆ ಬೆರಳು ಇಡಿ.

ನೀರು ಹೊರಹಾಕುವ ಪಂಪಿನ ರೆಕ್ಕೆಚಕ್ರ ಬಹಳ ಮೆಷಿನ್ನುಗಳಲ್ಲಿ ಈ ಗುಂಡಿಯ ಪಕ್ಕದಲ್ಲೇ ಒಂದು ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರುತ್ತದೆ. ಮುಚ್ಚಳ ಒಂದು ಸ್ಕ್ರೂ ಮೇಲೆ ನಿಂತಿರುತ್ತದೆ ಅಥವಾ ಚಮಚದ ಹಿಡಿಯಿಂದ ಮೀಟಿದರೆ ಬರುತ್ತದೆ. ತೆಗೆದ ಮೇಲೆ ಬೆರಳಿನಿಂದ ಚಕ್ರವನ್ನು ತಿರುಗಿಸಿ. ಅದು ನುಣ್ಣಗೆ ಗಿರ್ರನೆ ತಿರುಗುವುದಿಲ್ಲ, ಟಕ್ ಟಕ್ ಅಂತ ತಡೆದು ತಡೆದು ತಿರುಗುತ್ತದೆ. ಇದನ್ನು ಕಂಡು ಪಂಪು ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಆ ಮೋಟಾರಿನ ಒಳಗೆ ಅಯಸ್ಕಾಂತ ಇದೆ, ಅದು ಎಳೆದು ಬಿಡುವುದೇ ಆ ಟಕ್ ಟಕ್. ಎರಡೂ ಕಡೆ ಹಾಗೆಯೇ ತಿರುಗಬೇಕು. ಯಾಕೆಂದರೆ ಈ ಜಾತಿಯ ಮೋಟಾರು ಶುರುವಾಗುವಾಗ ಯಾವ ದಿಕ್ಕಿಗಾದರೂ ಹೊರಡಬಹುದು. ಒಂದು ಕಡೆಗೂ ಕದಲದೆ ಗಟ್ಟಿಯಾಗಿ ಕೂತಿದ್ದರೆ ಏನೋ ಸಿಕ್ಕಿಕೊಂಡಿದೆ. ಅಯಸ್ಕಾಂತದ ತಡೆಯೇ ಇಲ್ಲದೆ ಸುಮ್ನೆ ಲೊಳಕ್ ಅಂತ ಸುತ್ತಿದರೆ ಚಕ್ರ ತನ್ನ ಕಡ್ಡಿಯಿಂದ ಕಿತ್ತುಬಂದಿದೆ. ಆಗ ಮೋಟಾರು ತಿರುಗುವ ಸದ್ದು ಚೆನ್ನಾಗಿಯೇ ಬರುತ್ತದೆ, ನೀರು ಮಾತ್ರ ಹೋಗುವುದಿಲ್ಲ.

ಸಿಕ್ಕಿಕೊಳ್ಳುವ ವಸ್ತುಗಳ ಪಟ್ಟಿ ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ: ಗಾಜಿನ ಚೂರು, ಹಣ್ಣಿನ ಬೀಜ, ಹಲ್ಲುಕಡ್ಡಿ, ಮೂಳೆಯ ತುಣುಕು, ಬಾಟಲಿಯಿಂದ ಕಿತ್ತುಬಂದ ಲೇಬಲ್ಲಿನ ಕಾಗದ. ಇದರಲ್ಲಿ ಲೇಬಲ್ಲು ಮಹಾ ಕಿಲಾಡಿ. ನೀರು ಎಳೆದಾಗ ಮಾತ್ರ ಹೋಗಿ ತೂತಿಗೆ ಅಂಟಿಕೊಳ್ಳುತ್ತದೆ, ಪಂಪು ನಿಂತಾಗ ಬಿಟ್ಟು ತೇಲುತ್ತದೆ. ಒಂದು ದಿನ ನೀರು ಹೋಗುತ್ತದೆ, ಇನ್ನೊಂದು ದಿನ ಹೋಗುವುದಿಲ್ಲ. ಇಂಥ ಚಂಚಲ ಮೆಷಿನ್ನು ಕಂಡರೆ ನಾನು ಮೊದಲು ಹುಡುಕುವುದು ಕಾಗದವನ್ನೇ. ಇಕ್ಕಳದಿಂದ ಹಿಡಿದು ಮೆಲ್ಲಗೆ ಎಳೆಯಿರಿ. ಮುಚ್ಚಳವನ್ನು ವಾಪಸ್ ಹಾಕುವಾಗ ಚೆನ್ನಾಗಿ ಕೂರಿಸಿ. ಅದು ಸಡಿಲವಿದ್ದರೆ ಪಂಪು ನೀರನ್ನು ಮುಂದಕ್ಕೆ ತಳ್ಳುವ ಬದಲು ಅಲ್ಲೇ ಸುತ್ತಿಸುತ್ತಾ ಇರುತ್ತದೆ.

ಮೇಲೆ ಹೇಳಿದ ರಬ್ಬರ್ ರೆಪ್ಪೆ ಹಲವು ಮೆಷಿನ್ನುಗಳಲ್ಲಿ ಈ ಚಕ್ರದ ಹತ್ತಿರವೇ ಇರುತ್ತದೆ. ಕೆಲವದರಲ್ಲಿ ಪೈಪು ಬಿಚ್ಚಿದರೆ ಸಿಗುತ್ತದೆ. ಬೆರಳಿನಿಂದ ತಳ್ಳಿದರೆ ಸಲೀಸಾಗಿ ತೆರೆದು, ಬಿಟ್ಟರೆ ತಾನೇ ಮುಚ್ಚಬೇಕು. ಬಿಳಿ ಪದರ ಕಟ್ಟಿದ್ದರೆ ವಿನಿಗರ್ ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಬ್ರಶ್ ಹಾಕಿ. ರಬ್ಬರು ಸುಕ್ಕುಗಟ್ಟಿದ್ದರೆ ಅದೊಂದನ್ನೇ ಬದಲಾಯಿಸಬಹುದು. ಇಡೀ ಪಂಪು ಬೇಕಿಲ್ಲ.

ಸದ್ದಿನ ಬಗ್ಗೆಯೂ ಹೇಳಬೇಕು. ನೀವು ಗುಂಯ್ ಅನ್ನುತ್ತದೆ ಅಂದಿರಿ. ಆ ಗುಂಯ್ ಜೊತೆಗೆ ನೀರು ಸರಿಯುವ ಸದ್ದೂ ಇದ್ದರೆ ಪಂಪು ತಿರುಗುತ್ತಿದೆ. ಬರೀ ಗುಂಯ್ ಇದ್ದು ನೀರಿನ ಸದ್ದೇ ಇಲ್ಲದಿದ್ದರೆ ಮೋಟಾರಿಗೆ ಕರೆಂಟು ಸಿಗುತ್ತಿದೆ, ಚಕ್ರ ಏಳಲಾರದೆ ನಡುಗುತ್ತಿದೆ ಅಂತ ಅರ್ಥ. ಹಾಗೆ ಬಹಳ ಹೊತ್ತು ಬಿಡಬೇಡಿ, ಸುರುಳಿ ಸುಟ್ಟೀತು. ಸದ್ದೇ ಇಲ್ಲದಿದ್ದರೆ ಪಂಪಿಗೆ ಕರೆಂಟೇ ತಲುಪುತ್ತಿಲ್ಲ ಅಥವಾ ಸುರುಳಿ ಕಡಿದಿದೆ. ಆಗ ಪ್ಲಗ್ಗು ಕಿತ್ತು, ಪಂಪಿನ ವೈರು ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ತಿಳಿಯುತ್ತದೆ. 230 ವೋಲ್ಟಿನ ಈ ಪಂಪುಗಳು ಸಾಮಾನ್ಯವಾಗಿ 100ರಿಂದ 200 ಓಮ್ ಆಸುಪಾಸು ತೋರಿಸುತ್ತವೆ. ಏನೂ ತೋರಿಸದೆ ತೆರೆದ ಸರ್ಕ್ಯೂಟಿನಂತೆ ಇದ್ದರೆ ಆಗ ಪಂಪು ನಿಜವಾಗಿಯೂ ಹೋಗಿದೆ. ಸರಿಯಾದ ಸಂಖ್ಯೆ ಬಂದರೆ ಬಾಗಿಲಿನ ಲಾಕು, ವೈರು, ಸರ್ಕ್ಯೂಟ್ ಬೋರ್ಡು ಇವುಗಳಲ್ಲಿ ಹುಡುಕಬೇಕು. ಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಇಲ್ಲಿಗೆ ನಿಲ್ಲಿಸಿ. ಮೆಷಿನ್ನನ್ನು ಮಲಗಿಸಿ ಕರೆಂಟು ಕೊಟ್ಟು ನೋಡುವ ಸಾಹಸ ಅಂತೂ ಬೇಡವೇ ಬೇಡ.

ತೀರಾ ಹಳೆಯ ಕೆಲವು ಮೆಷಿನ್ನುಗಳಲ್ಲಿ ಬೇರೆ ಪಂಪೇ ಇರುವುದಿಲ್ಲ. ಒಂದೇ ಮೋಟಾರು ಒಂದು ದಿಕ್ಕಿಗೆ ತಿರುಗಿದರೆ ತೊಳೆಯುತ್ತದೆ, ಉಲ್ಟಾ ತಿರುಗಿದರೆ ನೀರು ಹೊರಹಾಕುತ್ತದೆ. ಅಂಥದ್ದರಲ್ಲಿ ತೊಳೆಯುವುದು ಸರಿಯಿದ್ದು ಹೊರಹಾಕುವುದು ಮಾತ್ರ ಕೆಟ್ಟರೆ ಮೋಟಾರಿಗೆ ದಿಕ್ಕು ಬದಲಿಸಿ ಕರೆಂಟು ಕೊಡುವ ಕಡೆ ತಪ್ಪಿರುತ್ತದೆ.

ಪರದೆಯಿರುವ ಮೆಷಿನ್ನಾದರೆ ಅದು ತಾನೇ ದೂರು ಹೇಳುತ್ತದೆ. ಬಾಷ್‌ನಲ್ಲಿ ಇ24 ಅಂದರೆ ನೀರು ಹೊರಗೆ ಹೋಗುತ್ತಿಲ್ಲ, ಇ25 ಅಂದರೆ ಪಂಪಿನಲ್ಲಿ ಅಡ್ಡ ಬಿದ್ದಿದೆ ಅಥವಾ ಮುಚ್ಚಳ ಕೂತಿಲ್ಲ. ಎಲ್‌ಜಿಯಲ್ಲಿ ಓಇ, ಸ್ಯಾಮ್‌ಸಂಗ್‌ನಲ್ಲಿ 5ಸಿ ಅಥವಾ 5ಇ. ಇವೆಲ್ಲ ನೀರು ಹೋಗಿಲ್ಲ ಅಂತಷ್ಟೇ ಹೇಳುತ್ತವೆ, ಸಿಂಕಿನ ಮೂತಿ ಕಟ್ಟಿದ್ದರೂ ಅದೇ ಸಂಖ್ಯೆ ಬರುತ್ತದೆ. ಇ24 ಕಂಡ ಕೂಡಲೇ ಪಂಪು ಬದಲಿಸುವವರಿದ್ದಾರೆ. ಬಾಷ್‌ನ ಇ15 ಮಾತ್ರ ಬೇರೆ. ಮೆಷಿನ್ನಿನ ಅಡಿಯ ತಟ್ಟೆಗೆ ನೀರು ಸೋರಿ ಅಲ್ಲಿನ ಥರ್ಮಾಕೋಲ್ ಬೆಂಡು ಮೇಲೆದ್ದಿದೆ ಅಂತ ಅರ್ಥ. ಆಗ ತಳ ಒಣಗಿದ್ದರೂ ಪಂಪು ಬಿಡದೆ ಓಡುತ್ತಿರುತ್ತದೆ, ಮೆಷಿನ್ನು ಬೇರೇನೂ ಮಾಡುವುದಿಲ್ಲ. ಅಲ್ಲಿ ಸೋರಿಕೆ ಹುಡುಕಬೇಕು.

ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಯಾರಾದರೂ ಡಿಶ್‌ವಾಷರ್‌ಗೆ ಹಾಕಿದರೆ ಒಳಗೆಲ್ಲ ನೊರೆ ತುಂಬುತ್ತದೆ. ಪಂಪು ನೀರನ್ನು ತಳ್ಳಬಲ್ಲದು, ನೊರೆಯನ್ನಲ್ಲ. ನೊರೆ ಬಾಚಿ ತೆಗೆದು, ತಣ್ಣೀರಿಗೆ ಸ್ವಲ್ಪ ವಿನಿಗರ್ ಸೇರಿಸಿ ಸುರಿದು, ಮತ್ತೆ ಮತ್ತೆ ಹೊರಹಾಕಿದರೆ ಸರಿಹೋಗುತ್ತದೆ. ಹಾಗೆಯೇ ಸಿಂಕಿನ ಕಟ್ಟು ಬಿಡಿಸುವ ಕ್ಷಾರದ ಪುಡಿ, ಆಸಿಡ್ಡು ಯಾವುದನ್ನೂ ಡಿಶ್‌ವಾಷರ್ ಒಳಗೆ ಹಾಕಬೇಡಿ. ಅದು ರಬ್ಬರನ್ನು ತಿಂದುಹಾಕುತ್ತದೆ. ಆಮೇಲೆ ಆ ನೀರಿನಲ್ಲಿ ಕೈಹಾಕುವವರ ಚರ್ಮವನ್ನೂ ಬಿಡುವುದಿಲ್ಲ.

ಈಗ ದುಡ್ಡಿನ ಮಾತು. 13 ವರ್ಷ ಅಂದರೆ ಡಿಶ್‌ವಾಷರ್‌ಗೆ ವಯಸ್ಸಾಗಿದೆ, ಅದು ನಿಜ. ಆದರೆ ನೀರು ಹೊರಹಾಕುವ ಪಂಪು ಅದರ ಅಗ್ಗದ ಭಾಗಗಳಲ್ಲಿ ಒಂದು. ಹಲವು ಮೆಷಿನ್ನುಗಳಲ್ಲಿ ಅದು ಕಾಲು ಸುತ್ತು ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಪಂಪಿನ ಮೈಮೇಲಿನ ನಂಬರು, ಬಾಗಿಲಿನ ಅಂಚಿನಲ್ಲಿರುವ ಮಾಡೆಲ್ ನಂಬರು ಎರಡನ್ನೂ ಬರೆದುಕೊಂಡು ಹುಡುಕಿ. ನೋಡಲು ಒಂದೇ ತರ ಇರುವ ಪಂಪುಗಳ ಮೂತಿ ಬೇರೆ ಬೇರೆ ಇರುತ್ತದೆ. ಪಂಪಷ್ಟೇ ಹೋಗಿದ್ದರೆ ನಾನಾದರೆ ಹಾಕಿಸುತ್ತೇನೆ. ಅಡಿಯ ತಟ್ಟೆ ತುಕ್ಕು ಹಿಡಿದು ತೂತು ಬಿದ್ದಿದ್ದರೆ, ತೊಳೆಯುವ ದೊಡ್ಡ ಮೋಟಾರೂ ಕಿರುಚುತ್ತಿದ್ದರೆ ಅಥವಾ ಬೋರ್ಡು ಸುಟ್ಟಿದ್ದರೆ ಆಗ ಹೊಸದನ್ನು ನೋಡಿ.

ಮೆಕ್ಯಾನಿಕ್ಕನ್ನು ಕರೆಸುವುದೇ ಆದರೆ ಎರಡು ರಾತ್ರಿಯ ಪರೀಕ್ಷೆಯಲ್ಲಿ ಏನಾಯಿತು, ಜಗ್ಗಿನಲ್ಲಿ ಎಷ್ಟು ನೀರು ಸಿಕ್ಕಿತು, ಬಕೆಟ್ಟಿಗೆ ಹೇಗೆ ಬಿತ್ತು ಇಷ್ಟನ್ನು ಮೊದಲೇ ಹೇಳಿ. ಬರುವಾಗ ಬೇಕಾದ ಸಾಮಾನನ್ನೇ ಹಿಡಿದು ಬರುತ್ತಾರೆ. ಪಂಪು ಬದಲಿಸಿದರೆ ಹಳೆಯದನ್ನು ಕೇಳಿ ಇಸಿದುಕೊಂಡು, ಚಕ್ರವನ್ನು ಒಮ್ಮೆ ಬೆರಳಿನಿಂದ ತಿರುಗಿಸಿ ನೋಡಿ.